ಸವೆದ ಒರೆಗಲ್ಲು

ತಂಪುಗಣಿ, ಕೋಲಾರ ಸೀಮೆ
೨೩೧೯, ಫೆಬ್ರವರಿ ೩೦

ಹಿಂದಿನ ಕಾಲದ ಗೆಳೆಯರೇ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ಯಾವ ತಿಂಗಳಿಗೂ ಸೇರದ ಹಬ್ಬಗಳು. ನನ್ನ ಕೆಲವು ಮಾತು ನಿಮ್ಮ ಕಿವಿಗೆ ವಿಚಿತ್ರ ಎನಿಸಿದರೆ ಕ್ಷಮಿಸಿ, ಅರ್ಥ ಹೇಳುತ್ತ ಹೋಗುತ್ತೇನೆ.

ತಂಪುಗಣಿ ಎಂದರೆ ನೀವು ಚಿನ್ನ ತೆಗೆದು ಬಿಟ್ಟುಹೋದ ಸುರಂಗಗಳು. ಮೇಲಿನ ಬಿಸಿಲು ತಾಳಲಾರದೆ ನಮ್ಮ ಹಿರಿಯರು ಇಲ್ಲಿಗೆ ಇಳಿದು ಬಂದರು. ಬೆಳಕು ಕನ್ನಡಿಯಿಂದ ಕನ್ನಡಿಗೆ ಹಾರಿ ಕೆಳಗೆ ಬರುತ್ತದೆ. ಮಧ್ಯಾಹ್ನ ಅದು ದೊಡ್ಡ ಅಂಗಳ ಮುಟ್ಟಿದ ಕೂಡಲೇ ಹೆಂಗಸರು ಹಪ್ಪಳ ಒಣಹಾಕುತ್ತಾರೆ, ಅದರ ಪಕ್ಕದಲ್ಲೇ ಬಾಕ್ಸಿಂಗ್ ಶುರುವಾಗುತ್ತದೆ. ಇಲ್ಲಿ ಅದು ಹೊಟ್ಟೆಪಾಡಿನ ಕಸುಬು.

ಬಾಕ್ಸರುಗಳ ಯೋಗ್ಯತೆ ಅಳೆಯುವ ಹಿರಿಯರ ಕೂಟಕ್ಕೆ ತೂಕಮನೆ ಎನ್ನುತ್ತೇವೆ. ನಿಮ್ಮ ಕಾಲದಲ್ಲಿ ಬರೀ ಗೆಲುವು ಎಣಿಸುತ್ತಿದ್ದರಂತೆ. ಬಡಪಾಯಿ ಎದುರಾಳಿಗಳನ್ನೇ ಆರಿಸಿಕೊಂಡು ಗೆದ್ದವನೂ ಅಜೇಯ ಎನಿಸಿಕೊಳ್ಳುತ್ತಿದ್ದನಂತೆ. ಹಳೆಯ ಕರಪತ್ರವೊಂದರಲ್ಲಿ ಇದನ್ನು ಓದಿದ ದಿನ ಸಿಟ್ಟಿಗೆ ನನಗೆ ಊಟ ಸೇರಲಿಲ್ಲ. ಆ ಮೋಸ ತಪ್ಪಿಸಲು ನಮ್ಮವರು ಒರೆಗಲ್ಲನ್ನು ತಂದರು. ಈ ಒರೆಗಲ್ಲು ಚಿನ್ನ ಉಜ್ಜಿ ನೋಡುವ ಕಲ್ಲಲ್ಲ, ಒಬ್ಬ ಹೆಂಗಸು. ಹೊಸಬರೆಲ್ಲ ಮೊದಲು ಅವಳೊಡನೆ ಆಡಬೇಕು. ಅವಳು ಬೇಕೆಂದು ಬೀಳುವಂತಿಲ್ಲ, ಜೀವ ಒತ್ತೆಯಿಟ್ಟು ನಿಲ್ಲಬೇಕು. ಅವಳನ್ನು ಹೇಗೆ ಬಗ್ಗಿಸಿದರು ಎಂಬುದನ್ನು ನೋಡಿ ಹೊಸಬರಿಗೆ ದರ್ಜೆ. ಯಾರಿಗೆ ಯಾರು ಎದುರಾಳಿ ಎಂದು ಆ ದರ್ಜೆಯೇ ಗೊತ್ತುಮಾಡುತ್ತದೆ. ಒರೆಗಲ್ಲಿಗೆ ಮಾತ್ರ ಯಾವ ದರ್ಜೆಯೂ ಇಲ್ಲ.

ನಮ್ಮ ಒರೆಗಲ್ಲು ನನ್ನ ಅಕ್ಕ ಸಲೋಮಿ. ದವಡೆ ಊದಿದ ದಿನ ಅವಳು ರಾಗಿ ಮುದ್ದೆ ಮುರಿಯುತ್ತ, "ಮಾರ್ತಾ, ಮುದ್ದೆ ಕಂಡುಹಿಡಿದವನು ಬಾಕ್ಸರೇ ಇರ್ಬೇಕು ಕಣೇ, ಅಗಿಯೋ ಕಷ್ಟಾನೇ ಇಲ್ಲ" ಎಂದು ನಗುತ್ತಿದ್ದಳು.

ಕಳೆದ ವರ್ಷ ಹೊಸಬರೆಲ್ಲ ಒಬ್ಬರ ಹಿಂದೊಬ್ಬರು ಮೊದಲ ದರ್ಜೆ ಪಡೆಯತೊಡಗಿದರು. ಇಂಥ ಪೀಳಿಗೆಯನ್ನು ಕಂಡೇ ಇಲ್ಲವೆಂದು ಊರು ಕುಣಿಯಿತು. ಕೊನೆಗೆ ನೀಲವೇಣಿ ಎಂಬ ಎಳೆಯ ಹುಡುಗಿ ಮೊದಲ ಸುತ್ತಿನಲ್ಲೇ ಅಕ್ಕನನ್ನು ಕೆಡವಿದಳು. ತೂಕಮನೆ ಅವಳನ್ನು ಜುಬೇದಾಳ ಎದುರು ನಿಲ್ಲಿಸಲು ತೀರ್ಮಾನಿಸಿತು. ಜುಬೇದಾ ಈ ಸೀಮೆಗೇ ಬಲಶಾಲಿ.

ಅಂದು ಊಟಕ್ಕೆ ಕೂತಾಗ ಅಕ್ಕ ನಗಲಿಲ್ಲ. "ಹುಡುಗಿ ಚೆನ್ನಾಗಿದಾಳೆ. ಆದ್ರೆ ಮೊದಲ ದರ್ಜೆ ಅಲ್ಲ. ನನ್ನ ಎಡಗಣ್ಣಿಗೆ ಅವಳ ಕೈ ಬಂದದ್ದೇ ಕಾಣ್ಲಿಲ್ಲ. ಜುಬೇದಾ ಮುಂದೆ ನಿಂತ್ರೆ ಆ ಮಗು ಮತ್ತೆ ಏಳಲ್ಲ."

"ತೂಕಮನೆಗೆ ಹೇಳಕ್ಕ."

"ನಾನು ಹೇಳಿದ್ರೆ ಬಿದ್ದವಳ ಹೊಟ್ಟೆಕಿಚ್ಚು ಅಂತಾರೆ. ನೀನು ಹೇಳು."

ಹೇಳಿದರೆ ಅಕ್ಕನ ಕಸುಬು ಅಲ್ಲಿಗೆ ಮುಗಿಯಿತು. ಅದು ಇಬ್ಬರಿಗೂ ಗೊತ್ತಿತ್ತು.

ನಾನು ಹೋಗಿ ತೂಕಮನೆಯ ಹಿರಿಯ ಆರೋಗ್ಯಪ್ಪನವರ ಮುಂದೆ ನಿಂತೆ. "ಊರೆಲ್ಲ ಹಬ್ಬ ಮಾಡ್ತಿರುವಾಗ ಎಳ್ಳುನೀರು ಬಿಡೋಕೆ ಬಂದ್ಯೇನಮ್ಮಾ?" ಎಂದರು. ಚಿನ್ನ ಹೆಚ್ಚಿಲ್ಲ ತಾತ, ಕಲ್ಲು ಸವೆದಿದೆ, ಅಕ್ಕನ ಎಡಗಣ್ಣು ಮಂಜಾಗಿದೆ ಎಂದೆ. ಹೊಸಬರ ಮನೆಯವರು ಕೂಗಾಡಿದರು. ಆಗ ಹಿಂದಿನ ಸಾಲಿನಿಂದ ನೀಲವೇಣಿ ಎದ್ದಳು. "ಸಲೋಮಕ್ಕ ಬೀಳೋ ಅಂಥ ಏಟಲ್ಲ ಅದು. ನನಗೂ ಗೊತ್ತಾಗಿತ್ತು. ಎಲ್ರೂ ಅಷ್ಟು ಖುಷಿಯಾಗಿದ್ರಲ್ಲ, ಹೆಂಗೆ ಹೇಳೋದು?"

ಪಂದ್ಯ ನಿಂತಿತು. ಆ ವರ್ಷದ ದರ್ಜೆಗಳೆಲ್ಲ ರದ್ದಾದವು. ಎಷ್ಟೋ ಮನೆಯವರು ಈಗಲೂ ನಮ್ಮನ್ನು ಮಾತಾಡಿಸುವುದಿಲ್ಲ. ಅಕ್ಕ ಅಂಗಳಕ್ಕೆ ಇಳಿಯುವುದಿಲ್ಲ. ನೀಲವೇಣಿ ಮಾತ್ರ ಬೆಳಗಾದರೆ ಬಾಗಿಲಿಗೆ ಬರುತ್ತಾಳೆ. "ಬಲಗಣ್ಣು ನೆಟ್ಟಗಿದೆಯಲ್ಲಕ್ಕ, ಅದ್ರಲ್ಲೇ ನನ್ನ ತಪ್ಪು ನೋಡಿ ಹೇಳಿ" ಎಂದು ಪೀಡಿಸುತ್ತಾಳೆ.

ಗೆಳೆಯರೇ, ನಿಮ್ಮನ್ನು ಒಂದೇ ಒಂದು ಬೇಡುತ್ತೇನೆ. ಯಾರನ್ನಾದರೂ ಮಹಾ ಬಾಕ್ಸರ್ ಎಂದು ಹೊಗಳುವ ಮೊದಲು, ಅವರೆದುರು ಬಿದ್ದವರ ಹೆಸರು ಕೇಳಿ. ಆ ದಿನ ಅವರ ಮೈ ಹೇಗಿತ್ತು, ಕಣ್ಣು ಹೇಗಿತ್ತು ಎಂದೂ ಕೇಳಿ. ಸೋತವರನ್ನು ವಿಚಾರಿಸದೆ ಹುಟ್ಟಿದ ಕೀರ್ತಿ ಒಂದು ದಿನ ಯಾವುದೋ ಮನೆಯ ಮಗುವನ್ನು ಕೊಲ್ಲುತ್ತದೆ.

ಇನ್ನು ನಿಲ್ಲಿಸುತ್ತೇನೆ. ಅಕ್ಕ ಪಕ್ಕದಲ್ಲೇ ಮಲಗಿದ್ದಾಳೆ. ಬೆರಳಿನ ಊತವೆಲ್ಲ ಇಳಿದಿದೆ. ಅವಳ ಕೈ ಇಷ್ಟು ಪುಟ್ಟದೆಂದು ನನಗೆ ಗೊತ್ತೇ ಇರಲಿಲ್ಲ.

ನಿಮ್ಮ,
ಮಾರ್ತಾ