ಕಿಟಕಿಯ ಜಾಗದಲ್ಲಿ ಗೋಡೆ

ಎಂಜಿನಿಯರ್ ಸಾಹೇಬರಿಗೆ ನಮಸ್ಕಾರಗಳು.

ನೀವು ಬರೆದುಕೊಟ್ಟ ಎರಡು ನಕ್ಷೆಗಳಲ್ಲಿ ಎರಡನೆಯದೇ ಬೇಕೆಂದು ನನ್ನ ಹೆಂಡತಿ ಹಟ ಹಿಡಿದಿದ್ದು ನಿಮಗೆ ನೆನಪಿರಬಹುದು. ಅದರಲ್ಲಿ ಮೆಟ್ಟಿಲಿದ್ದರೂ ಮುಂದಿನ ಕೋಣೆಗೆ ಮೊದಲನೆಯದಕ್ಕಿಂತ ಅಗಲವಾದ ಕಿಟಕಿಯಿತ್ತು. ಇಪ್ಪತ್ತು ವರ್ಷ ಬಾಡಿಗೆ ಮನೆಯ ಕತ್ತಲ ಮೂಲೆಯಲ್ಲಿ ಕೂತು ಊರವರ ಬಟ್ಟೆ ಹೊಲಿದವಳು, ಹೊಲಿಗೆ ಯಂತ್ರವನ್ನು ಆ ಕಿಟಕಿಯ ಕೆಳಗೇ ಇಡುತ್ತೇನೆ ಎನ್ನುತ್ತಿದ್ದಳು.

ಹೋದ ವಾರ ಅವಳ ಕಣ್ಣಿನ ಡಾಕ್ಟರು ಕೈಚೆಲ್ಲಿದರು. ಉಳಿದಿದ್ದ ಮಸುಕು ನೋಟವೂ ಹೋಗಿದೆ, ಇನ್ನು ಮರಳುವುದಿಲ್ಲವಂತೆ.

ನಿನ್ನೆ ಅವಳೇ ಮಾತು ತೆಗೆದಳು. “ಮೆಟ್ಟಿಲಿಲ್ಲದ ಮೊದಲನೇ ನಕ್ಷೆನೇ ಇರಲಿ ರೀ. ಮುಂದಿನ ಕೋಣೆಗೆ ಕಿಟಕಿ ಬೇಡ, ಪೂರ್ತಿ ಗೋಡೆ ಕಟ್ಟಿಸಿ. ಹಿಡ್ಕೊಂಡು ಓಡಾಡೋಕಾದ್ರೂ ಆಗುತ್ತೆ.”

“ಗಾಳಿಗಾದ್ರೂ ಬೇಕಲ್ಲೇ,” ಎಂದೆ.

“ಬಿಸಿಲು ಮೈಮೇಲೆ ಬಿದ್ರೆ ಹೊಲಿಯೋಕೆ ಕೂರೋ ಹೊತ್ತಾಯ್ತು ಅನ್ಸುತ್ತೆ. ಬೇಡ,” ಎಂದಳು.



ಆದ್ದರಿಂದ ಮೊದಲನೆಯ ನಕ್ಷೆಯನ್ನೇ, ಮುಂದಿನ ಕೋಣೆಯ ಕಿಟಕಿ ತೆಗೆದು ತಿದ್ದಿಕೊಡಿ. ಬಾಗಿಲುಗಳಿಗೆ ಹೊಸಿಲು ಬೇಡ. ಸಿದ್ಧವಾದಾಗ ದಯವಿಟ್ಟು ಮನೆಗೆ ತರಬೇಡಿ, ನಾನೇ ಬಂದು ಒಯ್ಯುತ್ತೇನೆ. ಕಾಗದ ಬಿಚ್ಚಿದ ಸದ್ದು ಕೇಳಿದರೆ ಸಾಕು, “ಎಲ್ಲಿ, ತೋರ್ಸಿ,” ಎಂದು ಅವಳು ಈಗಲೂ ಕೈ ಚಾಚುತ್ತಾಳೆ.

ನಿಮ್ಮ ವಿಶ್ವಾಸದ,
ಮೂಲೆ ಸೈಟಿನ ಮೇಷ್ಟ್ರು