ಎರಡನೇ ದಿನದ ಸಾರು

ಹೊಸಗದ್ದೆ ಎಸ್ಟೇಟ್, ಕಳಸ ರಸ್ತೆ
ಸೆಪ್ಟೆಂಬರ್ 22, 2024

ಪ್ರೀತಿಯ ಮಗಳು ಕವನಾಗೆ,

ನಿನ್ನ ಕಾಲೇಜಿನ ಸಂಚಿಕೆಗೆ ನಮ್ಮ ಗಂಜಿಕೇಂದ್ರದ ಬಗ್ಗೆ ಎರಡು ಪುಟ ಬರೆದುಕೊಡು ಅಂತ ನೀನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಾನು ತೋಟಕ್ಕೆ ಬೋರ್ಡೋ ಔಷಧಿ ಹೊಡೆಸುವ ಕೆಲಸವಿದೆ ಅಂದೆ. ಕೆಲಸವೇನೋ ಇತ್ತು, ಬರೆಯದಿದ್ದುದಕ್ಕೆ ಕಾರಣ ಮಾತ್ರ ಅದಲ್ಲ. ಗಂಜಿಕೇಂದ್ರ ನಡೆಸಿದ್ದಕ್ಕೆ ಮೂಡಿಗೆರೆಯಲ್ಲಿ ನನಗೆ ಶಾಲು ಹೊದಿಸಿದ ಫೋಟೋವನ್ನು ನಿನ್ನ ವಿದ್ಯಾರ್ಥಿಗಳಿಗೆಲ್ಲ ತೋರಿಸಿದೆಯಂತೆ. ಅದನ್ನು ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ.

ಈ ಮಳೆಗಾಲದಲ್ಲಿ ಆವತ್ತು ಬೆಳಿಗ್ಗೆ ಏಳು ಗಂಟೆಗೆ ಗುಡ್ಡದ ಧರೆ ಜರಿದು ಪಕ್ಕದ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳೂ ಕೆಳಗಿನ ಕೇರಿಯೂ ಮಣ್ಣಿನಡಿ ಹೋದವು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಹೊರಗಿನಿಂದ ಜನ ಬರುವ ಹೊತ್ತಿಗೆ ಊರಿನವರೇ ಹಗ್ಗ ಕಟ್ಟಿ, ಜೀಪು ಓಡಿಸಿ, ನಲವತ್ತೈದು ಮನೆಯವರನ್ನು ಶಾಲೆಗೆ ಸೇರಿಸಿದ್ದರು. ಅಡುಗೆ ನಮ್ಮ ಮಹಿಳಾ ಸಂಘದ ಪಾಲಿಗೆ ಬಂತು, ಅಂದರೆ ನನ್ನ ಪಾಲಿಗೆ. ಅಂಗಡಿ ಓಂಕಾರಪ್ಪನವರು ತಮ್ಮ ಮನೆಯ ಹಿಂಗೋಡೆ ಬಿದ್ದಿದ್ದರೂ ಐದು ಮೂಟೆ ಅಕ್ಕಿ ಇಳಿಸಿ, ಮನೆಯವರನ್ನೂ ಶಾಲೆಗೇ ಕರೆತಂದರು.

ಲೈನಿನ ವಸಂತಮ್ಮ ನಿನಗೆ ನೆನಪಿರಬೇಕು, ನಮ್ಮಲ್ಲಿ ಕಾಫಿ ಹಣ್ಣು ಕೊಯ್ಯಲು ಬರುತ್ತಿದ್ದಳು. ನಾವು ಅವಳಿಗೆ ಹಿತ್ತಲಲ್ಲಿ, ಬೇರೆ ಲೋಟದಲ್ಲಿ ಕಾಫಿ ಕೊಡುತ್ತಿದ್ದೆವು. ಯಾಕೆಂದು ನಿನಗೆ ಗೊತ್ತು. ಆವತ್ತು ಅವಳು ತನ್ನ ಮಾವ ಗುರುವಯ್ಯನನ್ನು ಬೆನ್ನ ಮೇಲೆ ಹೊತ್ತು ಮೊಣಕಾಲುದ್ದ ಕೆಸರು ದಾಟಿ ಬಂದಳು. ಮುದುಕನನ್ನು ಬೆಂಚಿನ ಮೇಲೆ ಮಲಗಿಸಿ, ಸೀರೆ ಹಿಂಡಿಕೊಂಡು, ಸೌದೆ ಎಲ್ಲಿದೆ ಅಂತ ಕೇಳಿದಳು. ನಾನು ಇನ್ನೂರು ಜನಕ್ಕೆ ನೀರು ಎಷ್ಟು ಇಡಬೇಕೆಂದು ತಿಳಿಯದೆ ನಿಂತಿದ್ದೆ. ಅವಳು ಎಷ್ಟೋ ಮದುವೆಗಳಿಗೆ ಅಡುಗೆ ಮಾಡಿದವಳು. ಮಧ್ಯಾಹ್ನದ ಹೊತ್ತಿಗೆ ಬಿಸಿ ಅನ್ನ, ಹಲಸಂದೆ ಕಾಳಿನ ಸಾರು ತಯಾರಾಗಿತ್ತು. ಎಲ್ಲರೂ ಉಂಡರು. ನಾನೂ ಉಂಡೆ.

ಮಾರನೇ ಬೆಳಿಗ್ಗೆ ಓಂಕಾರಪ್ಪನವರು ನನ್ನನ್ನು ಪಕ್ಕಕ್ಕೆ ಕರೆದು, ಅವಳ ಕೈ ಅಡುಗೆಯಾದರೆ ತಮ್ಮ ಮನೆಯವರು ಉಣ್ಣುವುದಿಲ್ಲ ಅಂದರು. ಅಕ್ಕಿ ಅವರದು. ನಾನು ಎದುರಾಡಲಿಲ್ಲ. ನೇರವಾಗಿ ಒಲೆಯ ಹತ್ತಿರ ಹೋಗಿ, ಓಂಕಾರಪ್ಪನವರು ಹೀಗೆ ಅಂತಿದ್ದಾರೆ, ಇವತ್ತಿನಿಂದ ನೀನು ಪಾತ್ರೆ ನೋಡಿಕೋ ಅಂತ ವಸಂತಮ್ಮನಿಗೆ ಹೇಳಿದೆ. ಧ್ವನಿ ಮೆತ್ತಗೇ ಇತ್ತು. ಅಷ್ಟು ಮೆತ್ತಗೆ ಹೇಳಿದ್ದಕ್ಕೆ ಈಗ ಇನ್ನೂ ಹೆಚ್ಚು ನಾಚಿಕೆ.

ಅವಳು ಸೌಟು ಕೆಳಗಿಟ್ಟು ನನ್ನನ್ನೇ ನೋಡಿದಳು.

“ನಿನ್ನೆ ಹಸಿದಿದ್ರು ಅಮ್ಮಾವ್ರೇ, ಅದಕ್ಕೆ ಉಂಡ್ರು. ಇವತ್ತು ಹೊಟ್ಟೆ ತುಂಬಿದೆ.”

ಮಧ್ಯಾಹ್ನದವರೆಗೆ ಪಾತ್ರೆ ತಿಕ್ಕಿದಳು, ಊಟಕ್ಕೆ ಕೂರಲಿಲ್ಲ. ಸಂಜೆ ಲೈನಿನ ಒಂಬತ್ತು ಮನೆಯವರೂ ಅವಳ ಜೊತೆ ಎದ್ದು, ಮೇಲಿನ ಎಸ್ಟೇಟಿನ ಹಳೆಯ ಕಾಫಿ ಗೋಡೌನಿಗೆ ಹೋದರು. ಅಲ್ಲಿ ತಗಡು ಸೋರುತ್ತಿತ್ತು. ಜೀಪಿನವರು ಅಕ್ಕಿ, ಬೇಳೆ ಅಲ್ಲಿಗೇ ಮುಟ್ಟಿಸಿದರು. ಯಾಕೆ ಹೋದರು ಅಂತ ಯಾರಾದರೂ ಕೇಳಿದರೆ, ಅವರಿಗೆ ಅವರವರೇ ಇದ್ದರೆ ಅನುಕೂಲ ಅನ್ನುತ್ತಿದ್ದೆ. ಆ ತೇವದಲ್ಲಿ ಐದು ದಿನ ಮಲಗಿ ಗುರುವಯ್ಯನಿಗೆ ನ್ಯುಮೋನಿಯಾ ಆಯಿತು. ಹನ್ನೊಂದು ದಿನ ಮೂಡಿಗೆರೆ ಆಸ್ಪತ್ರೆಯಲ್ಲಿದ್ದ. ಬದುಕಿ ಬಂದಿದ್ದಾನೆ, ಆದರೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ನಾನು ಶಾಲು ಹೊದ್ದ ದಿನ ಅವನಿನ್ನೂ ಅಲ್ಲೇ ಮಲಗಿದ್ದ. ಸಭೆಯಿಂದ ಆಸ್ಪತ್ರೆಗೆ ಹತ್ತು ನಿಮಿಷದ ದಾರಿ. ನಾನು ಹೋಗಲಿಲ್ಲ.

ಹೋದ ಗುರುವಾರ ಧೈರ್ಯ ಮಾಡಿ ಅವಳು ಈಗಿರುವ ತಗಡಿನ ಶೆಡ್ಡಿಗೆ ಹೋಗಿ, ತಪ್ಪಾಯಿತು ಅಂದೆ. ಅವಳು ಹುರುಳಿ ಕೇರುವುದನ್ನು ನಿಲ್ಲಿಸಲಿಲ್ಲ. ಈಗ ಸಾಮಾನಿಗೆ ಬಸ್ಸು ಹತ್ತಿ ಕಳಸಕ್ಕೆ ಹೋಗುತ್ತಾಳಂತೆ, ಓಂಕಾರಪ್ಪನವರ ಅಂಗಡಿ ಮೆಟ್ಟಿಲು ಹತ್ತುವುದಿಲ್ಲವಂತೆ.

“ಇಪ್ಪತ್ತು ವರ್ಷ ಅವ್ರ ಅಂಗಡೀಲೇ ತಗೊಂಡೆ. ಅವ್ರ ಹೆಂಡ್ತಿ ಬಾಣಂತನಕ್ಕೆ ನೀರು ಕಾಯ್ಸಿದೋಳು ನಾನು. ಅವ್ರು ಹಂಗಂದ್ರು ಅನ್ನೋದೇ ನಂಗೆ ಸಂಕಟ. ನಿಮ್ಮ ಮೇಲೆ ಏನಿಲ್ಲ ಅಮ್ಮಾವ್ರೇ.”

ನಾನು ಹಾಗೇ ಎದ್ದು ಬಂದೆ.

ಸಂಚಿಕೆಗೆ ಬರೆಯುವುದಾದರೆ ಆ ಹಗ್ಗ ಕಟ್ಟಿದವರ ಬಗ್ಗೆ ಬರೆ, ವಸಂತಮ್ಮನ ಬಗ್ಗೆ ಬರೆ. ನನ್ನ ಫೋಟೋ ಹಾಕಬೇಡ.

ನಿನ್ನ ಅಮ್ಮ,
ವಿಮಲ

ಮರೆತದ್ದಲ್ಲ, ಬಚ್ಚಿಟ್ಟದ್ದು: ಓಂಕಾರಪ್ಪನವರು ನನ್ನನ್ನು ಪಕ್ಕಕ್ಕೆ ಕರೆದದ್ದು ನಿಜ. ಆದರೆ ಅವರು ಕೇಳಿದ್ದು, ನಿನ್ನೆಯ ಸಾರು ಮಾಡಿದವರು ಯಾರು, ಇವತ್ತೂ ಅವರ ಕೈಯಲ್ಲೇ ಮಾಡಿಸುತ್ತೀರಾ ಅಂತ. ಉಣ್ಣುವುದಿಲ್ಲ ಅನ್ನುವ ಮಾತು ಅವರದಲ್ಲ, ನಾನೇ ಕಟ್ಟಿದ್ದು. ಆ ಶಾಲೆಯಲ್ಲಿ ಯಾರೊಬ್ಬರೂ ಏನೂ ಅಂದಿರಲಿಲ್ಲ. ಯಾರಾದರೂ ಅಂದಾರು ಅಂತ ಹೆದರಿದವಳು ನಾನು. ಅಥವಾ ಹೆದರಿಕೆಯೂ ಅಲ್ಲವೇನೋ. ತಪ್ಪೊಪ್ಪಿಕೊಳ್ಳಲು ಕೂತ ಈ ಕಾಗದದಲ್ಲೂ ಅವರ ಹೆಸರನ್ನೇ ಮುಂದಿಟ್ಟೆ. ವಸಂತಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ.