ಮೇನ್ ರೋಡಿನವರೆಗೆ ತಳ್ಳಿದ ಬೈಕು

ಬ್ಯಾಡರಹಳ್ಳಿ, ಭಾನುವಾರ

ಅಪ್ಪಾ,

ನಿನ್ನ ಬೈಕು ಗೀರಿಲ್ಲದೆ ಮನೆ ಸೇರಿದೆ. ಚೈನಿಗೆ ಎಣ್ಣೆ ಬಿಟ್ಟಿದ್ದೇನೆ. ಎದುರಿಗೆ ಹೇಳಿದರೆ ನೀನು ಮಾತು ಬದಲಿಸುತ್ತೀಯ, ಅದಕ್ಕೇ ಕೀಲಿಯ ಜೊತೆ ಈ ಕಾಗದ.

ಬೈಕ್ ಬ್ಲಾಗ್ ಬರೆಯುವ ನಾವೆಲ್ಲ ಕೆಂಗೇರಿಯಲ್ಲಿ ಸೇರಿ ರಾಮನಗರಕ್ಕೆ ಹೋದೆವು. ಬರಹದಲ್ಲಷ್ಟೇ ಜಗಳವಾಡಿದ್ದವರು ಒಂದೇ ತಟ್ಟೆಯಲ್ಲಿ ಇಡ್ಲಿ ತಿಂದೆವು. ಹೊರಡುವಾಗ ಎಲ್ಲರೂ ಹೋಟೆಲಿನ ಬೀದಿಯಲ್ಲೇ ಗಾಡಿ ಸ್ಟಾರ್ಟ್ ಮಾಡಿದರು. ನಾನು ಮಾತ್ರ ದಿನಾ ನೀನು ಮಾಡುವ ಹಾಗೆ ಮೇನ್ ರೋಡಿನವರೆಗೆ ತಳ್ಳಿಕೊಂಡು ಹೋದೆ.

ನಮ್ಮ ಗುಂಪಿನ ಭೈರೇಶ್ ನಕ್ಕ. "ಏನ್ ಗುರು, ಪೆಟ್ರೋಲ್ ಖಾಲಿನಾ?"

"ಮನೆಗಳಿರೋ ಬೀದೀಲಿ ತಳ್ಕೊಂಡೇ ಹೋಗ್ಬೇಕು ಕಣೋ. ನಮ್ಮಪ್ಪನ ರೂಲು. ಜನ ಮಲಗಿರ್ತಾರೆ."

"ಮಟಮಟ ಮಧ್ಯಾಹ್ನನಾ?"

ಅದನ್ನೇ ಮನೆಗೆ ಬಂದು ಅಜ್ಜಿಯನ್ನು ಕೇಳಿದೆ. ನಿನ್ನ ಕಾಲಕ್ಕೆ ನಾವು ಬಿಟ್ಟುಬಂದ ಊರಿನ ಮೇಲುಜಾತಿಯವರ ಬೀದಿಯಲ್ಲಿ ನಮ್ಮವರು ಗಾಡಿ ಇಳಿದು ತಳ್ಳಬೇಕಿತ್ತಂತೆ. ಒಮ್ಮೆ ನೀನು ಇಳಿಯದೆ ಹೋದದ್ದಕ್ಕೆ ಕಂಬಕ್ಕೆ ಕಟ್ಟಿದ್ದರಂತೆ. ನೀನು ಬೈಕು ತಳ್ಳುವುದನ್ನು ನಾನು ನಿನ್ನ ಸೌಜನ್ಯ ಅಂದುಕೊಂಡು ಬೆಳೆದೆನಲ್ಲಪ್ಪಾ!

ಆ ಬೀದಿಗಿಷ್ಟು ಬೆಂಕಿ ಬೀಳಲಿ. ಇದು ನಮ್ಮ ಬೀದಿ, ನೀನು ದುಡಿದು ಕಟ್ಟಿದ ಮನೆ.

ನನಗೆ ಏನೂ ವಿವರಿಸಬೇಡ. ನಾಳೆ ಡ್ಯೂಟಿಗೆ ಹೊರಡುವಾಗ ಬಾಗಿಲಲ್ಲೇ ಕಿಕ್ ಹೊಡೆ. ಸದ್ದು ಜಾಸ್ತಿಯಾಯಿತು ಅಂತ ಯಾರಾದರೂ ಬೈದರೆ, ಮಗಳನ್ನು ಎಬ್ಬಿಸಬೇಕಿತ್ತು ಅನ್ನು.

ನಾನು ಎದ್ದೇ ಇರುತ್ತೇನೆ.

ನಿನ್ನ ಗಾಡಿಯಲ್ಲೇ ಓಡಿಸಲು ಕಲಿತವಳು,
ಬಿಂದು